ಕೈಪಂಪಿನ ತೊಗಲು ವಾಷರನ್ನು ಮನೆಯಲ್ಲಿಯೇ ಮಾಡಿಕೊಳ್ಳಿ



ಬದನೆಗೋ ಹುರುಳಿಕಾಯಿಗೋ ಔಷಧಿ ಹೊಡೆಯುವ ಹೊತ್ತಿಗೆ ಹಳೆಯ ಹಿತ್ತಾಳೆಯ ಪಂಪು ಕೈಕೊಡುವುದುಂಟು. ಹಿಡಿ ಹಗುರವಾಗಿ ಆಡುತ್ತದೆ. ಮಂಜಿನಂತೆ ಬರಬೇಕಾದ ನೀರು ತೊಟ್ಟಿಕ್ಕುತ್ತದೆ. ಉಲ್ಲಾಳವು 2007ರಲ್ಲಿ ಬೆಂಗಳೂರು ಮಹಾನಗರದೊಳಗೆ ಸೇರಿದರೂ, ಸೊಪ್ಪಿನ ಮಡಿ, ಹೂವಿನ ಗಿಡ ಉಳಿಸಿಕೊಂಡವರಿಗೆ ಈ ತೊಡಕು ತಪ್ಪಿಲ್ಲ. ಅಷ್ಟಕ್ಕೇ ಪಂಪನ್ನು ಗುಜರಿಗೆ ಹಾಕಬೇಡಿ.

ದೋಷವೆಲ್ಲಿ? ಕೊಳವೆಯೊಳಗೆ ಆಡುವ ಸರಳಿನ ತುದಿಯಲ್ಲಿ ಬಟ್ಟಲಿನಂತಹ ತೊಗಲು ವಾಷರು ಇರುತ್ತದೆ. ಅದರ ಅಂಚು ಕೊಳವೆಗೆ ಒತ್ತಿಕೊಂಡರೆ ಮಾತ್ರ ನೀರು ಮುಂದಕ್ಕೆ ಹೋಗುತ್ತದೆ. ತೊಗಲು ಒಣಗಿ ಕುಗ್ಗಿದರೆ ನೀರು ಪಕ್ಕದಿಂದ ಜಾರುತ್ತದೆ.

ಬಿಚ್ಚುವ ಮೊದಲು ಪಂಪನ್ನು ಮೂರು ಸಲ ತೊಳೆಯಿರಿ, ಕೈಗವಸು ತೊಟ್ಟುಕೊಳ್ಳಿ. ತೊಳೆದ ನೀರು ಕೆರೆಗಾಗಲಿ ಬಾವಿಗಾಗಲಿ ಸೇರಕೂಡದು. ಹಳೆಯ ವಾಷರು ಹರಿದಿಲ್ಲವಾದರೆ ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಸಿರಿ. ಎಷ್ಟೋ ಸಲ ಇದಿಷ್ಟೇ ಸಾಕಾಗುತ್ತದೆ.

ಹರಿದಿದ್ದರೆ ಹೊಸದನ್ನು ಮಾಡಿ. ಚಪ್ಪಲಿ ಹೊಲಿಯುವವರಲ್ಲಿ ಸುಮಾರು 3 ಮಿಲಿಮೀಟರು ದಪ್ಪದ ತೊಗಲು ಕೇಳಿ. ಕೊಳವೆಯ ಒಳಗಲಕ್ಕೆ ಅಂಚಿನ ಎತ್ತರದ ಎರಡರಷ್ಟು ಕೂಡಿಸಿ, ಮೇಲೆ ಅರ್ಧ ಅಂಗುಲ ಬಿಟ್ಟು ದುಂಡಗೆ ಕತ್ತರಿಸಿ. ಒಳಗಲ ಒಂದೂವರೆ, ಅಂಚು ಅರ್ಧ ಅಂಗುಲವಾದರೆ ತುಂಡು 3 ಅಂಗುಲ. ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿ, ಅದೇ ಒಳಗಲದ ಕೊಳವೆ ತುಂಡಿನೊಳಕ್ಕೆ ಮರದ ಗುಂಡಿಯಿಂದ ಒತ್ತಿರಿ. ಗುಂಡಿಯ ಸುತ್ತಲೂ ತೊಗಲಿನ ದಪ್ಪದಷ್ಟು ಎಡೆಯಿರಲಿ. ನೆರಳಿನಲ್ಲಿಯೇ ಪೂರ್ತಿ ಒಣಗಿಸಿ; ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಹೆಚ್ಚಿನ ಅಂಚನ್ನು ಕೊಯ್ದು, ನಡುವೆ ಸರಳಿಗೆ ತೂತು ಮಾಡಿ, ಒಂದು ರಾತ್ರಿ ಹರಳೆಣ್ಣೆಯಲ್ಲಿಡಿ. ಹಳೆಯದರ ಬಾಯಿ ಯಾವ ಕಡೆಗಿತ್ತೋ ಹೊಸದರ ಬಾಯಿಯೂ ಆ ಕಡೆಗೇ ಇರಬೇಕು.

ಸೈಕಲ್ ಟ್ಯೂಬಿನ ಬಿಲ್ಲೆ ಆಗದೇ ಎಂದು ಕೇಳಬಹುದು. ಬರಿಯ ನೀರಿನ ಕೊಳಾಯಿಗೆ ಆದೀತು. ಹಲವು ಕೀಟನಾಶಕಗಳಲ್ಲಿ ಎಣ್ಣೆಯ ಜಾತಿಯ ದ್ರಾವಕ ಬೆರೆತಿರುತ್ತದೆ. ಅದು ತಗಲಿದರೆ ಟ್ಯೂಬಿನ ರಬ್ಬರು ಉಬ್ಬಿ ಮೆತ್ತಗಾಗಿ ಸೋರುತ್ತದೆ. ಬೆನ್ನ ಮೇಲೆ ಸೋರಿದ ವಿಷ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ.

ಈ ಕಾರಣದಿಂದಲೇ ಒತ್ತಡ ತಡೆಯುವ ತೊಟ್ಟಿ, ಕೊಳವೆ, ಮುಚ್ಚುಗುಂಡಿ ಇವುಗಳಿಗೆ ಬಟ್ಟೆ ಸುತ್ತಿ, ತಂತಿ ಬಿಗಿದು ತೇಪೆ ಹಾಕಬೇಡಿ, ಹೊಸದನ್ನೇ ಕೊಳ್ಳಿ. ಮೂತಿ ಕಟ್ಟಿಕೊಂಡರೆ ಬಾಯಿಂದ ಊದಬಾರದು, ತಂತಿಯಿಂದ ಚುಚ್ಚಬಾರದು. ನೀರು, ಮೆತ್ತನೆಯ ಕುಂಚ ಸಾಕು.

ಕೂಡಿಸಿದ ಮೇಲೆ ಬರಿಯ ನೀರು ತುಂಬಿ, ಪೂರ್ತಿ ಒತ್ತಡಕ್ಕೆ ಆಡಿಸಿ, ಕೂಡುಗಳ ಸುತ್ತ ಒಣ ಕಾಗದ ಹಿಡಿದು ನೋಡಿ. ಕಾಗದ ನೆನೆದರೆ ಅಂದು ಔಷಧಿ ಹೊಡೆಯಬೇಡಿ.