ಕರುಳಿನ ರಕ್ತಪ್ರವಾಹವು ನಿಂತಾಗ

ಹೊಸಪೇಟೆ, ಹಂಪೆ, ಕಂಪ್ಲಿಗಳ ಸೀಮೆಯವರಿಗೆ ಕಾಲುವೆಯ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ ಕಾಲುವೆಗಳು ಇಂದಿಗೂ ಹೊಲತೋಟಗಳನ್ನು ಸಲಹುತ್ತಿರುವುವು. ತೂಬು ಕಟ್ಟಿಕೊಂಡರೆ ಪೈರು ಬಾಡುವುದು. ಬೇಗನೆ ನೀರು ಹರಿದರೆ ಚೇತರಿಸುವುದು. ತಡವಾದರೆ ಎಷ್ಟು ನೀರು ಬಿಟ್ಟರೂ ಬದುಕದು. ನಮ್ಮ ಉದರದೊಳಗಿನ ಕರುಳಿನ ಸ್ಥಿತಿಯೂ ಇಂಥದೇ ಆಗಿರುತ್ತದೆ.

ಸುಮಾರು 20 ಅಡಿ ಉದ್ದದ ಸಣ್ಣ ಕರುಳಿನ ಬಹುಭಾಗಕ್ಕೆ ಒಂದೇ ಮುಖ್ಯ ಶುದ್ಧರಕ್ತನಾಳವು ರಕ್ತವನ್ನೊದಗಿಸುತ್ತದೆ. ಹೃದಯದ ಬಡಿತವು ಕ್ರಮ ತಪ್ಪಿದವರಲ್ಲಿ ರಕ್ತವು ಹೃದಯದೊಳಗೆ ಹೆಪ್ಪುಗಟ್ಟಿ, ಆ ಹೆಪ್ಪು ತೇಲಿಬಂದು ಈ ನಾಳವನ್ನು ಮುಚ್ಚಬಹುದು. ಮುಪ್ಪಿನಲ್ಲಿ ನಾಳವೇ ಒಳಗೆ ಕೊಬ್ಬು ಕಟ್ಟಿ ಮುಚ್ಚಿಹೋಗಬಹುದು. ಕೆಲವರಲ್ಲಿ ಅಶುದ್ಧರಕ್ತನಾಳವು ಹೆಪ್ಪುಗಟ್ಟುವುದುಂಟು. ರಕ್ತವು ಪೂರ್ಣವಾಗಿ ನಿಂತರೆ ಸುಮಾರು 6 ಗಂಟೆಗಳಲ್ಲಿ ಕರುಳು ಸರಿಪಡಿಸಲಾಗದಂತೆ ಕೆಡತೊಡಗುತ್ತದೆ.

ಈ ವ್ಯಾಧಿಯ ಲಕ್ಷಣವು ಮೋಸಗೊಳಿಸತಕ್ಕದ್ದು. ಆರಂಭದಲ್ಲಿ ನೋವು ಸಹಿಸಲಸಾಧ್ಯವಾಗಿದ್ದರೂ ಹೊಟ್ಟೆಯು ಮುಟ್ಟಿದರೆ ಮೆತ್ತಗಿರುತ್ತದೆ. ಆದುದರಿಂದ ಮನೆಯವರು ಅಜೀರ್ಣವೆಂದು ಭಾವಿಸಿ, ಓಮದ ಕಷಾಯವನ್ನೋ ಹರಳೆಣ್ಣೆಯನ್ನೋ ಕೊಟ್ಟು ಬೆಳಗಿನವರೆಗೆ ಕಾಯುತ್ತಾರೆ.

ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯು ಬದುಕುವನೇ ಎಂದು ವೈದ್ಯರು ಊಹಿಸುವುದು ಹೇಗೆ? ನೋವು ಆರಂಭವಾಗಿ ಎಷ್ಟು ಹೊತ್ತಾಯಿತು, ವಯಸ್ಸೆಷ್ಟು, ರಕ್ತದ ಒತ್ತಡವು ಕುಸಿದಿದೆಯೇ, ಮೂತ್ರಪಿಂಡಗಳು ಸೋತಿವೆಯೇ, ಹೊಟ್ಟೆಯು ಬಿಗಿದಿದೆಯೇ ಎಂದು ನೋಡುತ್ತಾರೆ. ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ಅಂಶವು ಏರಿದ್ದರೆ ಅಪಾಯವು ಹೆಚ್ಚು. ಆದರೆ ಮೊದಲಿಗೆ ಅದು ಸಹಜವಾಗಿಯೇ ಇರಬಹುದು. ನಾಳವು ಮುಚ್ಚಿರುವ ಸ್ಥಳವನ್ನು ಸಿ.ಟಿ. ಆಂಜಿಯೋಗ್ರಫಿಯು ತೋರಿಸುತ್ತದೆ. ಅಶುದ್ಧರಕ್ತನಾಳದ ಹೆಪ್ಪಿನವರು ಹೆಚ್ಚಾಗಿ ಬದುಕುತ್ತಾರೆ. ಶುದ್ಧರಕ್ತನಾಳವು ಹಠಾತ್ತನೆ ಮುಚ್ಚಿದವರಲ್ಲಿ ಇಂದಿಗೂ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಮೃತರಾಗುತ್ತಾರೆ. ಉದರವನ್ನು ತೆರೆದ ಮೇಲೆ ಸತ್ತ ಭಾಗದ ಉದ್ದವೇ ಮುಖ್ಯವಾದ ಸಾಕ್ಷಿ. ಸಂದೇಹವಿದ್ದರೆ 24 ರಿಂದ 48 ಗಂಟೆಗಳೊಳಗೆ ಪುನಃ ತೆರೆದು ನೋಡುವರು. ಉಳಿದ ಸಣ್ಣ ಕರುಳು 2 ಮೀಟರಿಗಿಂತ ಕಡಿಮೆಯಾದರೆ, ಜೀವವುಳಿದರೂ ಪೋಷಣೆಯು ಕಷ್ಟವಾದೀತು.

ಈ ಲೆಕ್ಕಗಳು ಹಣೆಬರಹವಲ್ಲ. ಅನೇಕರನ್ನು ನೋಡಿ ಪಡೆದ ಅನುಭವವು ಒಬ್ಬರ ಭವಿಷ್ಯವನ್ನು ನಿಶ್ಚಯಿಸಲಾರದು. ವೈದ್ಯರು ಸರಿಯಾದ ಮಾರ್ಗವನ್ನು ಆರಿಸುವುದಕ್ಕೂ, ಬಂಧುಗಳಿಗೆ ಸತ್ಯವನ್ನು ತಿಳಿಸುವುದಕ್ಕೂ ಅದು ನೆರವಾಗುತ್ತದೆ. ವಯಸ್ಸನ್ನು ಯಾರೂ ಬದಲಿಸಲಾರರು. ಕಾಲಹರಣವನ್ನು ತಪ್ಪಿಸುವುದು ಮಾತ್ರ ಮನೆಯವರ ಕೈಯಲ್ಲಿದೆ.

1961ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಸರಕಾರೀ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯು ಹೊಸಪೇಟೆಯಿಂದ ಸುಮಾರು 60 ಕಿಲೋಮೀಟರು ದೂರದಲ್ಲಿದೆ. ಸಂಡೂರು, ಕಂಪ್ಲಿಗಳಿಂದಲೂ ದಾರಿಯು ಒಂದೆರಡು ಗಂಟೆಗಳದು. ಮನೆಯ ಅನುಮಾನವಾದರೋ ಇಡೀ ರಾತ್ರಿಯನ್ನು ನುಂಗುತ್ತದೆ. ಹೃದಯರೋಗವುಳ್ಳ ಅಥವಾ ನಾಡಿಯು ತಪ್ಪಿ ಬಡಿಯುವ ಹಿರಿಯರು ಹಠಾತ್ತನೆ ಹೊಟ್ಟೆನೋವಿನಿಂದ ಚೀರಿದರೆ, ಹೊಟ್ಟೆಯು ಮೆತ್ತಗಿದೆಯೆಂದು ಸಮಾಧಾನಪಡಬೇಡಿರಿ. ಬಾಯಿಗೆ ಏನನ್ನೂ ಕೊಡದೆ ಕೂಡಲೆ ಹೊರಡಿರಿ; ನೋವು ಯಾವ ಗಂಟೆಗೆ ಆರಂಭವಾಯಿತೆಂಬುದನ್ನು ವೈದ್ಯರಿಗೆ ಮೊದಲು ತಿಳಿಸಿರಿ.