ಇನ್ನೊಂದು ಬೇಡವಾ?

ಡೊಂಬಿವಲಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಡೆ ಸದಾ ಬೀಪ್ ಬೀಪ್ ಎಂಬ ಸದ್ದು. ವಿಕಲಾಂಗರ ಡಬ್ಬಿ ಬಂದು ನಿಲ್ಲುವ ಜಾಗ ಕಣ್ಣು ಕಾಣದವರಿಗೆ ತಿಳಿಯಲಿ ಎಂದು ರೈಲ್ವೆಯವರು ಮಾಡಿಟ್ಟ ವ್ಯವಸ್ಥೆ ಅದು. ಕೋಲು ಹಿಡಿದ ಮುದುಕರೊಬ್ಬರು ಆ ಸದ್ದನ್ನೇ ನಂಬಿ ಹೆಜ್ಜೆ ಹಾಕುತ್ತಾರೆ. ಅದೇ ಸದ್ದಿಗೆ ಏಳು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಅಮ್ಮನ ಹೊಟ್ಟೆಗೆ ತಲೆ ಒತ್ತುತ್ತಾನೆ.

ಲೋಕಲ್ ಬರುತ್ತದೆ. ಆ ಪುಟ್ಟ ಡಬ್ಬಿಯಲ್ಲಿ ಊರುಗೋಲಿನವರು, ಪರೇಲಿನ ಟಾಟಾ ಆಸ್ಪತ್ರೆಗೆ ಹೊರಟ ಕ್ಯಾನ್ಸರ್ ರೋಗಿಗಳು, ಬಸುರಿ ಹೆಂಗಸರು, ಎಲ್ಲರಿಗೂ ಅವಕಾಶ ಉಂಟು. ಯಾವ ತೊಂದರೆಯೂ ಇಲ್ಲದ ಗಟ್ಟಿಮುಟ್ಟಾದ ನಾಲ್ಕು ಜನ ಮೊದಲೇ ನುಗ್ಗಿ ಕೂತಿರುತ್ತಾರೆ. ಮುಂಬೈ ಅಂದಮೇಲೆ ಅದೂ ಇದ್ದದ್ದೇ. ಅವರಲ್ಲೇ ಒಬ್ಬ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಇವನಿಗೇನಾಗಿದೆ, ಚೆನ್ನಾಗಿಯೇ ಇದ್ದಾನಲ್ಲ ಎಂದು ಹಿಂದಿಯಲ್ಲಿ ಕೇಳುತ್ತಾನೆ. ತಾಯಿ ಉತ್ತರ ಹೇಳುವುದಿಲ್ಲ. ಪರ್ಸಿನಿಂದ, ಮಗನಿಗೆ ಆಟಿಸಂ ಇದೆ ಎನ್ನುವ ಕಾರ್ಡು ತೆಗೆದು ತೋರಿಸುತ್ತಾಳೆ, ಮತ್ತೆ ಒಳಗಿಡುತ್ತಾಳೆ.

ಹುಡುಗ ಕಿಟಕಿಗೆ ಮೂಗು ತಾಗಿಸಿ ಶುರುಮಾಡುತ್ತಾನೆ: "ಪುಢೀಲ್ ಸ್ಟೇಷನ್ ಕೋಪರ್. ಅಗಲಾ ಸ್ಟೇಷನ್ ಕೋಪರ್. ನೆಕ್ಸ್ಟ್ ಸ್ಟೇಷನ್ ಕೋಪರ್." ಆಮೇಲೆ ದಿವಾ, ಮುಂಬ್ರಾ, ಕಳವಾ, ಠಾಣೆ. ಮರಾಠಿ, ಹಿಂದಿ, ಇಂಗ್ಲಿಷ್, ಮೂರರಲ್ಲೂ ಧ್ವನಿವರ್ಧಕದ ಹೆಂಗಸಿನ ರಾಗವೇ. 'ಅಮ್ಮ' ಎಂದು ಇವನು ತಾನಾಗಿ ಕರೆದದ್ದು ಹೋದ ವರ್ಷ. ಎದುರಿನ ಸೀಟಿನಲ್ಲಿ ಏಳು ತಿಂಗಳ ಬಸುರಿ ನಗುತ್ತಾ ಅವನನ್ನು ನೋಡುತ್ತಾಳೆ, ಇವನ ತಾಯಿ ಅವಳ ಹೊಟ್ಟೆಯನ್ನು ನೋಡುತ್ತಾಳೆ. ಇಬ್ಬರೂ ಇಳಿಯುವುದು ಪರೇಲಿನಲ್ಲೇ. ಒಬ್ಬಳದು ತಿಂಗಳ ತಪಾಸಣೆ. ಇನ್ನೊಬ್ಬಳದು, ಎರಡನೆಯದಕ್ಕೆ ಮನಸ್ಸು ಮಾಡಬಹುದೇ ಎಂದು ಕೇಳುವ ಭೇಟಿ.

ಅವಳಿಗೆ ಈ ಪ್ರಶ್ನೆ ಹುಟ್ಟಿದ್ದು ಡಾಕ್ಟರ ಕೋಣೆಯಲ್ಲಲ್ಲ, ಮದುವೆ ಮನೆಯಲ್ಲಿ. ಕುರ್ಲಾದ ಬಂಟರ ಭವನದಲ್ಲಿ ಊರಿನವರ ಮದುವೆಯೆಂದರೆ ಕುಂದಾಪುರ, ಕಾರ್ಕಳ, ಬಂಟ್ವಾಳ ಎಲ್ಲ ಒಂದೇ ಸೂರಿನಡಿ. ವಾದ್ಯ ಜೋರಾದ ಕೂಡಲೇ ಹುಡುಗ ಮೇಜಿನ ಕೆಳಗೆ. ಗಂಡ ಅವನನ್ನು ಎತ್ತಿಕೊಂಡು ಕಾರು ನಿಲ್ಲಿಸುವ ಕಡೆ ಹೋಗಿ ಒಬ್ಬನೇ ನಿಂತಿರುತ್ತಾನೆ, ಊಟದ ಎಲೆ ಖಾಲಿ. ಆ ಹೊತ್ತಿಗೇ ದೊಡ್ಡಮ್ಮ ಪಕ್ಕಕ್ಕೆ ಬಂದು ಕೂರುವುದು. "ಎಂತ ಮಾರಾಯ್ತಿ, ಇನ್ನೊಂದು ಬೇಡವಾ? ನಾಳೆ ನೀವಿಬ್ಬರೂ ಹೋದಮೇಲೆ ಇವನಿಗೆ ಯಾರು?" ಪಕ್ಕದಲ್ಲೇ ಇನ್ನೊಬ್ಬರು: "ನಾಗದೋಷ ಉಂಟಾ ನೋಡಿಸಿದ್ದೀರಾ? ಕುಕ್ಕೆಯಲ್ಲಿ ಒಂದು ಆಶ್ಲೇಷಾ ಬಲಿ ಮಾಡಿಸಿ ಆಮೇಲೆ ಆಲೋಚನೆ ಮಾಡಿ." ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಕುರ್ಲಾದಿಂದ ಹೀಗೆ ಹರಕೆ ಹೊತ್ತು ಊರಿಗೆ ಹೋಗಿಬಂದ ದಂಪತಿಗಳು ಬೇಕಾದಷ್ಟು. ಅವರನ್ನು ಹಾಸ್ಯ ಮಾಡಲು ನನಗೆ ಮನಸ್ಸಿಲ್ಲ. ಆದರೆ ಕುಕ್ಕೆಗೆ ಹೋಗುವ ಮೊದಲು ಪರೇಲಿಗೆ ಹೋಗಿ ಎನ್ನುತ್ತೇನೆ.

ಪರೇಲಿನಲ್ಲಿ ಕೆಇಎಂ, ವಾಡಿಯಾ ಮಕ್ಕಳ ಆಸ್ಪತ್ರೆ, ಟಾಟಾ ಎಲ್ಲ ಕೂಗಳತೆಯಲ್ಲಿವೆ. ಕೇಸ್ ಪೇಪರಿನ ಸರತಿ, ಲಿಫ್ಟಿನ ಸರತಿ, ಕ್ಯಾಂಟೀನಿನ ವಡಾಪಾವಿನ ಸರತಿ ಕಳೆದು ಒಳಗೆ ಹೋದರೆ ಜೆನೆಟಿಕ್ ಕೌನ್ಸೆಲರ್ ಸೂಜಿಗಿಂತ ಮೊದಲು ಪೆನ್ಸಿಲು ತೆಗೆಯುತ್ತಾರೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಅಡ್ಡಗೆರೆ. ಸಂಬಂಧದಲ್ಲೇ ಮದುವೆಯಾಗಿದ್ದರೆ ಎರಡು ಗೆರೆ. ನಮ್ಮ ಕಡೆಯವರ ಹಾಳೆಯಲ್ಲಿ ಈ ಜೋಡಿಗೆರೆ ಮತ್ತೆ ಮತ್ತೆ ಬರುತ್ತದೆ: ಸೋದರಮಾವನ ಮಗಳು, ಸೋದರತ್ತೆಯ ಮಗ. ಗಂಡಹೆಂಡಿರಿಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಸೇರಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅದೇ ಫ್ರ್ಯಾಜೈಲ್ ಎಕ್ಸ್ ಎಂಬ ಎಕ್ಸ್ ಕ್ರೋಮೋಸೋಮಿನ ದೋಷವಾದರೆ ಕೌನ್ಸೆಲರ್ ತಾಯಿಯ ಅಣ್ಣತಮ್ಮಂದಿರು, ಅಜ್ಜಿಯ ಅಣ್ಣತಮ್ಮಂದಿರು ಎಂದು ತಾಯಿಯ ಕಡೆಯನ್ನೇ ಕೆದಕುತ್ತಾರೆ. ದೋಷ ಹೊತ್ತ ತಾಯಿಯಿಂದ ಅದು ಮಗುವಿಗೆ ದಾಟುವ ಸಂಭವ ಅರ್ಧಕ್ಕರ್ಧ. ಅಳಿಯಸಂತಾನದ ಮನೆಯವರಿಗೆ ಇದೊಂದು ಅನುಕೂಲ. ತಾಯಿಯ ಕಡೆಯ ಮೂರು ತಲೆಮಾರು ಅವರ ನಾಲಗೆಯ ತುದಿಯಲ್ಲಿರುತ್ತದೆ. ಆದರೂ ಒಂದು ಹೆಸರು ಬಿಟ್ಟುಹೋಗುತ್ತದೆ. ತಾಯಿಯ ಕಡೆಯ ಅಜ್ಜಿ ನೆನಪಿಸಿಕೊಂಡು ಹೇಳುತ್ತಾರೆ: ಕುಟುಂಬದ ಮನೆಯಲ್ಲಿ ಚಾವಡಿಯ ಮೂಲೆಯಲ್ಲೇ ಕೂತಿರುತ್ತಿದ್ದ, ಯಾರೊಂದಿಗೂ ಮಾತಾಡದ, ಅಡಿಕೆಯನ್ನು ಮಾತ್ರ ಸಾಲಾಗಿ ಜೋಡಿಸುತ್ತಿದ್ದ ಒಬ್ಬ ಮಾವ. ಯಾವ ಮದುವೆ ಕಾಗದದಲ್ಲೂ ಅಚ್ಚಾಗದ ಆ ಮಾವನಿಗೆ ಈಗ ಒಂದು ಚೌಕ ಸಿಗುತ್ತದೆ.

ಆಮೇಲೆ ಹುಡುಗನ ರಕ್ತದ ಜೀನ್ ಪರೀಕ್ಷೆಗಳು: ಕ್ರೋಮೋಸೋಮ್ ಮೈಕ್ರೋಅರೇ, ಫ್ರ್ಯಾಜೈಲ್ ಎಕ್ಸ್, ಬೇಕಾದರೆ ಎಕ್ಸೋಮ್. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸಿಕ್ಕಿದರೆ ಮುಂದಿನ ಲೆಕ್ಕ ಸ್ಪಷ್ಟ. ತಂದೆತಾಯಿಯಲ್ಲಿಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ ಬದಲಾವಣೆಯಾದರೆ ಅದು ಮರಳುವ ಸಂಭವ ತೀರಾ ಕಡಿಮೆ. ಪರೀಕ್ಷೆಗೆ ಬೇಕಾದದ್ದು ಮೊದಲ ಮಗುವಿನ ರಕ್ತ, ಮತ್ತು ವರದಿಗೆ ವಾರಗಟ್ಟಲೆ ಕಾಯಬೇಕು. ಬಸಿರಾದ ಮೇಲೆ ಓಡಿಬರುವವರಿಗೆ ಆ ವಾರಗಳೇ ಇರುವುದಿಲ್ಲ. ಇನ್ನು ಗರ್ಭದಲ್ಲಿರುವ ಮಗುವಿಗೆ ಆಟಿಸಂ ಇದೆಯೇ ಎಂದು ಹೇಳುವ ಸೋನೋಗ್ರಫಿಯಾಗಲಿ ರಕ್ತಪರೀಕ್ಷೆಯಾಗಲಿ ಜಗತ್ತಿನಲ್ಲೆಲ್ಲೂ ಇಲ್ಲ. ಇದೆ ಎಂದು ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಕಾರಣ ಸಿಗದವರಿಗೆ ಉಳಿಯುವುದು ಸರಾಸರಿ. 2011ರಲ್ಲಿ ಆಟಿಸಂ ಇರುವ ಮಕ್ಕಳ 664 ತಮ್ಮತಂಗಿಯರನ್ನು ಮೂರು ವರ್ಷ ತುಂಬುವವರೆಗೆ ಗಮನಿಸಿದ ಅಧ್ಯಯನದಲ್ಲಿ ಶೇಕಡಾ 18.7 ಮಕ್ಕಳಲ್ಲಿ ಆಟಿಸಂ ಕಂಡಿತ್ತು. ಅದೇ ತಂಡದವರು 2024ರಲ್ಲಿ 1,605 ಮಕ್ಕಳ ಲೆಕ್ಕ ಕೊಟ್ಟಾಗ ಅದು 20.2. ಅಂದರೆ ಐವರಲ್ಲಿ ಒಬ್ಬರಿಗೆ. ಈ ಮಾತು ಕೇಳಿ ಗಂಡ ಆ 'ಒಬ್ಬ'ನಲ್ಲೇ ನಿಲ್ಲುತ್ತಾನೆ, ಹೆಂಡತಿ ಉಳಿದ ನಾಲ್ವರನ್ನು ಎಣಿಸುತ್ತಾಳೆ. ಎರಡೂ ಸರಿಯೇ. ಉಳಿದ ನಾಲ್ವರಲ್ಲೂ ಕೆಲವರಿಗೆ ಮಾತು ತಡವಾಗುವುದುಂಟು ಎಂಬುದನ್ನೂ ಮುಚ್ಚಿಡಬಾರದು.

ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ: ಎರಡನೆಯದು ಗಂಡಾದರೆ ಸುಮಾರು ಶೇಕಡಾ 25, ಹೆಣ್ಣಾದರೆ 13. ಇದನ್ನು ಓದಿದವರು ಸೋನೋಗ್ರಫಿ ಸೆಂಟರಿನಲ್ಲಿ ದನಿ ತಗ್ಗಿಸಿ ಕೇಳುವ ಪ್ರಶ್ನೆ ಯಾವುದೆಂದು ಹೇಳಬೇಕಿಲ್ಲ. ಹೆಣ್ಣೇ ಆಗಲಿ ಎಂದು ಗುಟ್ಟಾಗಿ ಲಿಂಗ ಕೇಳುವ ಜನ ಈ ದೇಶದಲ್ಲಿ ಅಪರೂಪ. ಕಾನೂನಿಗೆ ಮಾತ್ರ ಎಲ್ಲರೂ ಒಂದೇ. ಗರ್ಭಲಿಂಗ ಪತ್ತೆಗೆ ದೇಶದಲ್ಲೇ ಮೊದಲು, 1988ರಲ್ಲಿ, ಕಡಿವಾಣ ಹಾಕಿದ್ದು ಮಹಾರಾಷ್ಟ್ರ. ಕೇಂದ್ರದ ಕಾಯ್ದೆ ಬಂದದ್ದು 1994ರಲ್ಲಿ. ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ ಎಂದು ಗೋಡೆಯ ಮೇಲಿನ ಬೋರ್ಡಿನಲ್ಲೇ ಬರೆದಿರುತ್ತದೆ.

ಕ್ಯಾಲಿಫೋರ್ನಿಯಾದ ಕುಟುಂಬಗಳ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2014ರಲ್ಲಿ ಬರೆದದ್ದು: ಮೊದಲ ಮಗುವಿಗೆ ಆಟಿಸಂ ಎಂದು ಗೊತ್ತಾದ ಮೇಲೆ ಎರಡನೆಯದಕ್ಕೆ ಹೋಗುವವರು ಇತರರಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಕೂತು ನೋಡಿದರೆ ಇದಕ್ಕೆ ಅಧ್ಯಯನವೇ ಬೇಡ. ಹಜಾರದ ಅರ್ಧ ಭಾಗ ಆಕ್ಯುಪೇಷನಲ್ ಥೆರಪಿಯ, ಅಂದರೆ ಓಟಿಯ, ಉಯ್ಯಾಲೆಗೆ, ದೊಡ್ಡ ಚೆಂಡಿಗೆ. ಫ್ರಿಜ್ಜಿನ ಬಾಗಿಲ ತುಂಬ ಚಿತ್ರದ ಕಾರ್ಡುಗಳು: ನೀರು, ದೋಸೆ, ಸಾಕು, ಹೊರಗೆ. ಸ್ಪೀಚ್ ಥೆರಪಿ, ಓಟಿ, ಶಾಲೆಯಲ್ಲಿ ಶ್ಯಾಡೋ ಟೀಚರ್ ಎಲ್ಲ ಸೇರಿದರೆ ಮನೆ ಸಾಲದ ಕಂತಿನ ಪಕ್ಕಕ್ಕೆ ಇನ್ನೊಂದು ಕಂತು. ತೊಟ್ಟಿಲು ಎಲ್ಲಿ ಕಟ್ಟುವುದು? ರಾತ್ರಿ ಮೂರಕ್ಕೆ ಎದ್ದು ಕುಣಿಯುವ ಅಣ್ಣನ ಪಕ್ಕದಲ್ಲಿ ಬಾಣಂತಿ ಮಲಗುವುದು ಹೇಗೆ? ಊರಿನಿಂದ ಬಂದ ಅಜ್ಜಿಗೆ ಈ ಹಿಂದೆ ಯಾರೋ, ಮಗುವಿನೊಂದಿಗೆ ಒಂದೇ ಭಾಷೆ ಆಡಿ, ಇಂಗ್ಲಿಷೇ ಆಗಲಿ ಎಂದಿದ್ದರು. ಅಜ್ಜಿ ಎರಡು ವರ್ಷ ಮೊಮ್ಮಗನೆದುರು ಬಾಯಿ ಕಟ್ಟಿಕೊಂಡರು. ಎರಡು ಭಾಷೆಯಿಂದ ಆಟಿಸಂ ಮಕ್ಕಳಿಗೆ ಹಾನಿಯಿಲ್ಲ ಎಂದು ಈಗ ತಿಳಿದವರೇ ಹೇಳುತ್ತಿದ್ದಾರೆ. ಅಜ್ಜಿಯ ಆ ಎರಡು ವರ್ಷ ಹೋದದ್ದು ಹೋಯಿತು.

ಮನಸ್ಸು ಮಾಡಿದವರಿಗೆ ಡಾಕ್ಟರು ಹೇಳುವುದು ಉದ್ದವಿಲ್ಲ. ಬಸಿರಿಗೆ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಅಪಸ್ಮಾರಕ್ಕೆಂದು ವ್ಯಾಲ್‌ಪ್ರೋಯೇಟ್ ನುಂಗುವವರು ಬಸಿರಿಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಬೇಕು, ತಾವಾಗಿಯೇ ನಿಲ್ಲಿಸಬಾರದು. ಹುಟ್ಟಿದ ಮೇಲೆ ಲಸಿಕೆ ತಪ್ಪಿಸಬಾರದು. ಎಂಎಂಆರ್ ಲಸಿಕೆಯ ಮೇಲೆ ಗುಮಾನಿ ಹುಟ್ಟಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿದೆ. ವರ್ಷ ತುಂಬುವಾಗ ಮಗು ಹೆಸರು ಕರೆದರೆ ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳಿಟ್ಟು ತೋರಿಸುತ್ತದೆಯೇ ನೋಡಬೇಕು. ಅನುಮಾನ ಬಂದರೆ ಎರಡನೇ ಬಾರಿ ಕಾಯುವುದು ಬೇಡ.

ನನ್ನ ತಕರಾರು ದೊಡ್ಡಮ್ಮನ 'ಇವನಿಗೆ ಯಾರು' ಎಂಬ ಎರಡನೇ ವಾಕ್ಯದ ಮೇಲೆ. ಇವನನ್ನು ನೋಡಿಕೊಳ್ಳಲಿಕ್ಕೆ ಇನ್ನೊಂದು. ಹುಟ್ಟುವ ಮೊದಲೇ ಕೆಲಸ ಗೊತ್ತುಮಾಡಿಟ್ಟ ಮಗು ಅದು. 1943ರಲ್ಲಿ ಮನೋವೈದ್ಯ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದು ಆಟಿಸಂ ಅನ್ನು ಜಗತ್ತಿಗೆ ತಿಳಿಸಿದಾಗ ಮೊದಲನೆಯವನಾಗಿದ್ದ ಡೊನಾಲ್ಡ್ ಟ್ರಿಪ್ಲೆಟ್‌ಗೆ ಒಬ್ಬ ತಮ್ಮನಿದ್ದ, ಆಟಿಸಂ ಇಲ್ಲದವನು, ವಕೀಲ. ಮಿಸಿಸಿಪಿಯ ಫಾರೆಸ್ಟ್ ಎಂಬ ಚಿಕ್ಕ ಊರು. 1980ರ ದಶಕದಲ್ಲಿ ತಂದೆತಾಯಿ ಹೋದರು, 1995ರಲ್ಲಿ ಆ ತಮ್ಮನೂ ಹೋದ. ಡೊನಾಲ್ಡ್ ಬದುಕಿದ್ದು 2023ರವರೆಗೆ, 89 ವರ್ಷ. ಅವನನ್ನು ಹಿಡಿದಿಟ್ಟದ್ದು ಮನೆತನದ ಬ್ಯಾಂಕಿನಲ್ಲಿದ್ದ ಕೆಲಸ, ಹುಟ್ಟಿ ಬೆಳೆದ ಮನೆ, ತಮ್ಮನ ಮಕ್ಕಳು, ಅವನನ್ನು ಅವನ ಪಾಡಿಗೆ ಬಿಟ್ಟ ಊರಿನವರು. ಸಿರಿವಂತರ ಮನೆ, ನಿಜ. ಆದರೂ ಕೊನೆಯವರೆಗೆ ನಿಂತದ್ದು ಒಬ್ಬ ತಮ್ಮನಲ್ಲ.

ಎರಡನೆಯದು ಬೇಕೆಂದು ಆಸೆಯಿದ್ದವರು ಆಸೆಗೇ ಹೆರಲಿ, ಸಾಕೆನಿಸಿದವರನ್ನು ಮದುವೆ ಮನೆಯಲ್ಲಿ ಯಾರೂ ಕೆಣಕದಿರಲಿ. 'ನಾಳೆ ಯಾರು' ಎಂಬುದಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬೇರೆಯೇ ದಾರಿ ಉಂಟು. ಆಟಿಸಂ ಇರುವ ಮಗನಿಗೋ ಮಗಳಿಗೋ ಹದಿನೆಂಟು ತುಂಬಿದ ಮೇಲೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ತಂದೆತಾಯಿ, ಸಂಬಂಧಿಕರು, ನೋಂದಾಯಿತ ಸಂಸ್ಥೆ, ಯಾರಾದರೂ ಆಗಬಹುದು. ಆ ಅರ್ಜಿಗೆ ಎರಡನೇ ಮಗು ಇರಲೇಬೇಕೆಂಬ ಷರತ್ತಿಲ್ಲ.