ದಾಸವಾಳವೋ ಕಣಗಿಲೆಯೋ: ಎಲೆಯನ್ನು ಕೇಳಿ ನೋಡಿ



ನಿಮ್ಮ ಮನೆಯ ಹಿತ್ತಲಲ್ಲೋ ಶಾಲೆಯ ಆವರಣದಲ್ಲೋ ಒಂದು ಹೂಗಿಡ ನೆಡಬೇಕೆಂದಿದ್ದೀರಿ ಎನ್ನೋಣ. ಹೆಚ್ಚು ಖರ್ಚಾಗಬಾರದು, ವರ್ಷದ ಬಹುಕಾಲ ಹೂ ಬಿಡಬೇಕು, ಪೂಜೆಗೂ ಒದಗಬೇಕು. ಹಿರಿಯರನ್ನು ಕೇಳಿದರೆ ಎರಡು ಹೆಸರುಗಳು ಕೂಡಲೇ ಬರುತ್ತವೆ: ದಾಸವಾಳ ಮತ್ತು ಕಣಗಿಲೆ. ಎರಡೂ ಪೊದೆಯಾಗಿ ಬೆಳೆಯುವ ಗಿಡಗಳು. ಎರಡನ್ನೂ ಕಡ್ಡಿ ಊರಿ ಬೆಳೆಸಬಹುದು. ಎರಡಕ್ಕೂ ಒಳ್ಳೆಯ ಬಿಸಿಲು ಬೇಕು. ಹಾಗಾದರೆ ಯಾವುದನ್ನು ನೆಟ್ಟರೇನು ಎಂದು ನೀವು ಕೇಳಬಹುದು. ಉತ್ತರ ಹೂವಿನಲ್ಲಿಲ್ಲ, ಎಲೆಯಲ್ಲಿದೆ. ಎಲೆಯನ್ನು ಸರಿಯಾಗಿ ಓದಿಕೊಂಡರೆ ಯಾವ ಗಿಡಕ್ಕೆ ಎಷ್ಟು ನೀರು, ಯಾವ ಜಾಗ, ಎಷ್ಟು ಎಚ್ಚರಿಕೆ ಬೇಕು ಎಂಬುದೆಲ್ಲ ತಿಳಿಯುತ್ತದೆ.

ಎರಡು ಕುಟುಂಬಗಳು

ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಎರಡೂ ಗಿಡಗಳಿಗೆ ಹೆಸರಿಟ್ಟಿದ್ದಾನೆ. ದಾಸವಾಳ ಹೈಬಿಸ್ಕಸ್ ರೋಸಾ ಸೈನೆನ್ಸಿಸ್. ಇದು ಹತ್ತಿ ಮತ್ತು ಬೆಂಡೆಯ ಕುಟುಂಬಕ್ಕೆ ಸೇರಿದ್ದು. ಬೆಂಡೆಯ ಹೂವನ್ನೂ ದಾಸವಾಳವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನೆಂಟಸ್ತಿಕೆ ತಾನೇ ಗೋಚರಿಸುತ್ತದೆ. ಕಣಗಿಲೆ ನೀರಿಯಂ ಓಲಿಯಾಂಡರ್. ಇದರ ಬಂಧುಗಳು ನಿತ್ಯಪುಷ್ಪ ಮತ್ತು ಎಕ್ಕ. ಮೆಡಿಟರೇನಿಯನ್ ತೀರದಿಂದ ಏಷ್ಯಾದವರೆಗೆ, ಬೇಸಿಗೆಯಲ್ಲಿ ಬತ್ತಿಹೋಗುವ ಹಳ್ಳಗಳ ದಂಡೆಯಲ್ಲಿ ಕಣಗಿಲೆ ತಾನಾಗಿಯೇ ಬೆಳೆಯುತ್ತದೆ. ಈ ತವರಿನ ನೆನಪು ಅದರ ಎಲೆಯಲ್ಲಿ ಉಳಿದಿದೆ.

ಎಲೆ ಏನು ಹೇಳುತ್ತದೆ?

ದಾಸವಾಳದ ಎಲೆ ಅಗಲ, ತೆಳು, ಅಂಚಿನಲ್ಲಿ ಗರಗಸದ ಹಲ್ಲು. ಕೈಯಲ್ಲಿ ಹಿಸುಕಿದರೆ ಲೋಳೆ ಬರುತ್ತದೆ. ತಲೆಗೆ ಹಚ್ಚುವುದು ಇದೇ ಲೋಳೆಯನ್ನು. ಇಂಥ ಅಗಲವಾದ ತೆಳು ಎಲೆಯಿಂದ ನೀರು ಬೇಗ ಆವಿಯಾಗುತ್ತದೆ. ಆದ್ದರಿಂದ ಬೇಸಿಗೆಯ ಮಧ್ಯಾಹ್ನ ನೀರು ಸಾಲದ ದಾಸವಾಳ ಸೊರಗಿ ನಿಲ್ಲುತ್ತದೆ, ಮೊಗ್ಗನ್ನೂ ಉದುರಿಸುತ್ತದೆ.

ಕಣಗಿಲೆಯ ಎಲೆ ಉದ್ದ, ಕಿರಿದು, ಚರ್ಮದಂತೆ ಗಡಸು. ಸಾಮಾನ್ಯವಾಗಿ ಒಂದು ಗಿಣ್ಣಿನಲ್ಲಿ ಮೂರು ಎಲೆಗಳು ಸುತ್ತುಗಟ್ಟಿರುತ್ತವೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವವರು ಇದರ ಅಡ್ಡಕೊಯ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿರಬಹುದು. ಮೇಣದ ಲೇಪ, ಅದರ ಕೆಳಗೆ ಒಂದೇ ಪದರದ ಬದಲು ಹಲವು ಪದರಗಳ ಹೊರಚರ್ಮ. ಎಲೆಯ ತಳಭಾಗದಲ್ಲಿ ಚಿಕ್ಕ ಚಿಕ್ಕ ಗುಳಿಗಳು, ಗುಳಿಯ ತುಂಬ ಕೂದಲು. ಪತ್ರರಂಧ್ರಗಳು ಅಡಗಿರುವುದು ಈ ಗುಳಿಗಳ ಒಳಗೆ. ಬಿಸಿಗಾಳಿ ಅವುಗಳನ್ನು ನೇರವಾಗಿ ತಾಕುವುದಿಲ್ಲ; ಗುಳಿಯೊಳಗಿನ ತೇವ ಅಲ್ಲಿಯೇ ನಿಲ್ಲುತ್ತದೆ. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಧೂಳು, ಬಿಸಿಲು, ನೀರಿನ ಕೊರತೆ ಎಲ್ಲವನ್ನೂ ತಾಳಿ ಕಣಗಿಲೆ ಹೂ ಬಿಡುವುದರ ಗುಟ್ಟು ಇದು.

ನೆಡುವುದು, ನೋಡಿಕೊಳ್ಳುವುದು

ಮಳೆಗಾಲದ ಆರಂಭ ಎರಡಕ್ಕೂ ಒಳ್ಳೆಯದು. ಪೆನ್ಸಿಲ್ ದಪ್ಪದ, 15ರಿಂದ 20 ಸೆಂಟಿಮೀಟರ್ ಉದ್ದದ, ತೀರ ಎಳೆಯದೂ ತೀರ ಬಲಿತದ್ದೂ ಅಲ್ಲದ ಕಡ್ಡಿ ತೆಗೆದುಕೊಳ್ಳಿ. ಕೆಳಗಿನ ಎಲೆಗಳನ್ನು ಕಿತ್ತು, ಮರಳು ಬೆರೆತ ಮಣ್ಣಿನಲ್ಲಿ ಊರಿ ನೆರಳಲ್ಲಿಡಿ. ಸುಮಾರು ಒಂದೂವರೆ ತಿಂಗಳಲ್ಲಿ ಬೇರು ಬಂದಿರುತ್ತದೆ.

ದಾಸವಾಳಕ್ಕೆ ನೀರು ಬಸಿದುಹೋಗುವ, ಆದರೆ ತೇವ ಹಿಡಿದಿಡುವ ಮಣ್ಣು ಬೇಕು. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಬಹುದು. ಬರೇ ಯೂರಿಯಾ ಸುರಿದರೆ ಎಲೆ ಸೊಂಪಾಗುತ್ತದೆ, ಹೂ ಕಡಿಮೆಯಾಗುತ್ತದೆ. ಕ್ಷಾರ ಹೆಚ್ಚಿರುವ ಮಣ್ಣಿನಲ್ಲಿ ಎಳೆ ಎಲೆಗಳ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗುವುದುಂಟು. ಗಿಡಕ್ಕೆ ಕಬ್ಬಿಣ ದಕ್ಕುತ್ತಿಲ್ಲ ಎಂಬುದರ ಗುರುತು ಅದು. ಕಣಗಿಲೆ ಅಂಥ ಮಣ್ಣನ್ನೂ ಸ್ವಲ್ಪ ಉಪ್ಪನ್ನೂ ಸಹಿಸುತ್ತದೆ. ಬೇರು ಹಿಡಿದ ಮೇಲೆ ಅದಕ್ಕೆ ಆಗಾಗ ನೀರುಣಿಸಿದರೆ ಸಾಕು. ಎರಡೂ ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ. ಹಾಗಾಗಿ ವರ್ಷಕ್ಕೊಮ್ಮೆ ಸವರುವುದು ಗಿಡಕ್ಕೆ ಶಿಕ್ಷೆಯಲ್ಲ, ಉಪಕಾರ.

ಹೂವಿನ ಆಯುಸ್ಸಿನಲ್ಲೂ ವ್ಯತ್ಯಾಸವಿದೆ. ದಾಸವಾಳ ಸಾಮಾನ್ಯವಾಗಿ ಒಂದು ದಿನದ ಹೂ, ಸಂಜೆಗೆ ಮುದುಡುತ್ತದೆ. ಕ್ಯಾಮೆರಾ ಹಿಡಿದು ಹೊರಡುವ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು: ಇಂದು ಅರ್ಧಕ್ಕೆ ನಿಂತ ಚಿತ್ರೀಕರಣಕ್ಕೆ ನಾಳೆ ಅದೇ ಹೂ ಸಿಗುವುದಿಲ್ಲ. ಕಣಗಿಲೆ ರೆಂಬೆಯ ತುದಿಯಲ್ಲಿ ಗೊಂಚಲಾಗಿ ಅರಳಿ ಕೆಲವು ದಿನ ನಿಲ್ಲುತ್ತದೆ.

ಕೀಟಗಳ ಕಥೆ

ಮೆದು ಎಲೆಗೆ ಗಿರಾಕಿಗಳು ಹೆಚ್ಚು. ದಾಸವಾಳದ ದೊಡ್ಡ ಶತ್ರು ಹತ್ತಿಯಂತೆ ಬೆಳ್ಳಗೆ ಮೆತ್ತಿಕೊಳ್ಳುವ ಹಿಟ್ಟು ತಿಗಣೆ. ಗಿಡದ ಮೇಲೆ ಇರುವೆ ಸಾಲುಗಟ್ಟಿದ್ದರೆ ತಿಗಣೆಯೂ ಇದೆಯೇ ಎಂದು ಹುಡುಕಿ. ಅದು ಸುರಿಸುವ ಸಿಹಿರಸಕ್ಕಾಗಿ ಇರುವೆ ಅದನ್ನು ಕಾಯುತ್ತದೆ. ನೀರನ್ನು ರಭಸವಾಗಿ ಹಾಯಿಸಿ ತೊಳೆಯಿರಿ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಚೂರು ಸೋಪು ಕದಡಿ ಸಂಜೆಯ ಹೊತ್ತು ಸಿಂಪಡಿಸಿ.

ಕಡು ವಿಷದ ಔಷಧಿಗೆ ಕೈ ಹಾಕುವ ಮುಂಚೆ ಒಂದು ಸಂಗತಿ ನೆನಪಿಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ದಾಸವಾಳವನ್ನೂ ಬಿಡದೆ ಹಲವು ಗಿಡಗಳ ಮೇಲೆ ಹಬ್ಬಿತು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಶೋಧನಾ ಸಂಸ್ಥೆಯೊಂದು ಪೋರ್ಟೊರಿಕೊದಿಂದ ಅತಿ ಸಣ್ಣ ಪರಾವಲಂಬಿ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿತು. ತಿಗಣೆಯ ಹಾವಳಿ ಇಳಿಯಿತು. ಬೇಕಾಬಿಟ್ಟಿ ವಿಷ ಸಿಂಪಡಿಸಿದರೆ ಇಂಥ ಸ್ನೇಹಿತರೇ ಮೊದಲು ಸಾಯುತ್ತಾರೆ.

ಕಣಗಿಲೆಯನ್ನು ತಿನ್ನುವ ಧೈರ್ಯ ಕೆಲವೇ ಕೀಟಗಳಿಗೆ. ಹಳದಿ ಸಸ್ಯಹೇನು ಅದರ ಚಿಗುರಿಗೆ ಮುತ್ತುತ್ತದೆ. 'ಕಾಮನ್ ಕ್ರೋ' ಎಂಬ ಕಂದು ಚಿಟ್ಟೆಯ ಮರಿಹುಳು ಅದರ ಎಲೆ ತಿಂದು ಬೆಳೆದು, ಬೆಳ್ಳಿಯಂತೆ ಹೊಳೆಯುವ ಕೋಶವಾಗಿ ತೂಗುತ್ತದೆ. ಉಳಿದ ಪ್ರಾಣಿಗಳು ದೂರ ಸರಿಯುವುದೇಕೆ?

ಗಡಸು ಎಲೆಯ ಇನ್ನೊಂದು ಕಾವಲು

ಕಣಗಿಲೆ ನೀರನ್ನು ಕಾಯ್ದುಕೊಳ್ಳುವಷ್ಟೇ ಬಿಗಿಯಾಗಿ ತನ್ನನ್ನೂ ಕಾಯ್ದುಕೊಳ್ಳುತ್ತದೆ. ಬೇರು, ಕಾಂಡ, ಎಲೆ, ಹೂ, ಬೀಜ ಎಲ್ಲವೂ ವಿಷ. ಒಣಗಿದ ಎಲೆಯಲ್ಲೂ ವಿಷ ಉಳಿಯುತ್ತದೆ. ಓಲಿಯಾಂಡ್ರಿನ್ ಮೊದಲಾದ ಈ ರಾಸಾಯನಿಕಗಳು ಹೃದಯದ ಸ್ನಾಯುಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅನ್ನು ಒಳಗೆ ಹೊರಗೆ ಸಾಗಿಸುವ ಪಂಪನ್ನು ತಡೆಯುತ್ತವೆ. ಆಗ ಹೃದಯದ ಬಡಿತ ತಾಳ ತಪ್ಪುತ್ತದೆ, ಪ್ರಾಣವೇ ಹೋಗಬಹುದು. ಗಂಟೆಯಾಕಾರದ ಹೂ ಬಿಡುವ ಹಳದಿ ಕಣಗಿಲೆ ಬೇರೆ ಜಾತಿಯಾದರೂ ಅಷ್ಟೇ ಅಪಾಯಕಾರಿ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ತನ್ನ ದೇವಾಲಯಗಳ ನೈವೇದ್ಯ ಮತ್ತು ಪ್ರಸಾದದಲ್ಲಿ ಕಣಗಿಲೆ ಹೂವಿನ ಬಳಕೆಯನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಆದ್ದರಿಂದ ಕಣಗಿಲೆಯನ್ನು ಕತ್ತರಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಕತ್ತರಿಸಿದ ರೆಂಬೆಗಳನ್ನು ದನಗಳ ಬಾಯಿಗೆ ಸಿಗುವಂತೆ ಎಸೆಯಬೇಡಿ, ಸುಡಲೂ ಬೇಡಿ, ಹೊಗೆಯೂ ಕೆಟ್ಟದ್ದು. ಯಾರಾದರೂ ತಿಂದದ್ದು ತಿಳಿದರೆ ಮನೆಮದ್ದಿಗೆ ಕಾಯದೆ, ಗಿಡದ ಒಂದು ತುಂಡಿನೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾವುದು ಎಲ್ಲಿ?

ಇಷ್ಟಕ್ಕೇ ಕಣಗಿಲೆಯನ್ನು ದೂಷಿಸಬೇಕಿಲ್ಲ. 1945ರ ಅಣುಬಾಂಬಿಗೆ ತುತ್ತಾದ ಹಿರೋಶಿಮಾದಲ್ಲಿ ಮೊದಲು ಅರಳಿದ ಹೂವೆಂದು ನೆನೆದು, ಆ ನಗರ 1973ರಲ್ಲಿ ಕಣಗಿಲೆಯನ್ನು ತನ್ನ ಅಧಿಕೃತ ಹೂವನ್ನಾಗಿ ಆರಿಸಿಕೊಂಡಿತು. ನೀರಿಲ್ಲದ ಬಯಲು, ರಸ್ತೆಯ ಅಂಚು, ಚಿಕ್ಕ ಮಕ್ಕಳೂ ದನಕರುಗಳೂ ಸುಳಿಯದ ಬೇಲಿ ಅದರ ಜಾಗ. ಶಿಶುವಿಹಾರ, ಶಾಲೆಯ ಅಂಗಳ, ಮನೆಬಾಗಿಲು ಇವು ದಾಸವಾಳಕ್ಕಿರಲಿ. ದಿನವೂ ಒಂದಿಷ್ಟು ನೀರು ಕೇಳುತ್ತದೆ, ನಿಜ. ಆದರೆ ಮಗುವೊಂದು ಅದರ ದಳ ಕಿತ್ತು ಬಾಯಿಗಿಟ್ಟರೆ ತಾಯಿ ಬೆಚ್ಚಬೇಕಾಗಿಲ್ಲ.

ಮಾಡಿ ನೋಡಿ

ಎರಡು ಕೆಂಪು ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿ. ಒಂದು ಲೋಟಕ್ಕೆ ನಿಂಬೆರಸ, ಇನ್ನೊಂದಕ್ಕೆ ಬಟ್ಟೆ ಸೋಡಾದ ತಿಳಿನೀರು ಹಾಕಿ. ಮೊದಲನೆಯದು ಕಡು ಗುಲಾಬಿಯಾಗುತ್ತದೆ, ಎರಡನೆಯದು ಹಸಿರಿಗೆ ತಿರುಗುತ್ತದೆ. ಲಿಟ್ಮಸ್ ಕಾಗದ ಇಲ್ಲದ ಶಾಲೆಗೂ ಆಮ್ಲ, ಪ್ರತ್ಯಾಮ್ಲಗಳನ್ನು ಗುರುತಿಸುವ ದ್ರಾವಣ ಸಿದ್ಧವಾಯಿತು! ಈ ಪ್ರಯೋಗವನ್ನು ಕಣಗಿಲೆಯಿಂದ ಮಾಡಬೇಡಿ. ಏಕೆಂದು ಈಗ ನೀವೇ ನಿಮ್ಮ ತಮ್ಮ ತಂಗಿಯರಿಗೆ ವಿವರಿಸಬಲ್ಲಿರಿ.